14 ಎಕರೆ ಜಾಗ, 2.4 ಕಿ.ಮೀ. ನಡಿಗೆ ದಾರಿ: ಯಾವುದು ಮೊದಲು?

ಉಪಸಮಿತಿ_ಸದಸ್ಯೆ:

ಎಲ್ಲರಿಗೂ ನಮಸ್ಕಾರ. ಪಟ್ಟಣದ ಮಂಡಳಿ 14 ಎಕರೆ ಜಾಗವನ್ನು ಆಟಕ್ಕೆ, ವಿಹಾರಕ್ಕೆ ಎಂದು ಮೀಸಲಿಡಲು ಹೊರಟಿದೆ. ಯೋಜನೆ ತಯಾರಿಸುವ ಉಪಸಮಿತಿಯಲ್ಲಿ ನಾನಿದ್ದೇನೆ.

ಜಾಗ ಹೀಗಿದೆ. ಪಶ್ಚಿಮಕ್ಕೆ ಒಂದು ದಿಬ್ಬ, ಬುಡದಿಂದ ನೆತ್ತಿಗೆ 9 ಮೀಟರ್ ಏರು, ನೇರ ಹತ್ತಿದರೆ ಸುಮಾರು 60 ಮೀಟರ್ ದೂರ. ನಡುವೆ ಸಮತಟ್ಟಾದ ಹುಲ್ಲುನೆಲ. ಪೂರ್ವಕ್ಕೆ ತೊರೆ, ಅದರ ಪಕ್ಕ ಮಳೆ ಬಂದರೆ ವಾರಗಟ್ಟಲೆ ಒಣಗದ ಜೌಗು. ಒಂದು ಫುಟ್‌ಬಾಲ್ ಮೈದಾನ, ಮಕ್ಕಳ ಆಟದ ಜಾಗ, ಸುತ್ತಲೂ 1.5 ಕಿ.ಮೀ. ದಾರಿ, ಅಲ್ಲಿಂದ ತೊರೆಯ ಗುಂಟ ಇನ್ನೂ 900 ಮೀಟರ್ ಹೋಗಿ ಹಳೇ ರಸ್ತೆಗೆ ಸೇರುವ ಕೊಂಡಿ, ಇಷ್ಟು ಬೇಡಿಕೆ. ಆ 900 ಮೀಟರ್ ಇಬ್ಬರು ಖಾಸಗಿಯವರ ಜಮೀನಿನ ಮೇಲೆ ಹಾಯುತ್ತದೆ. ಗಾಲಿಕುರ್ಚಿಯಲ್ಲಿ ಬರುವವರೂ ದಿಬ್ಬದ ನೆತ್ತಿ ತಲುಪುವಂತಿರಬೇಕು.

ನಕ್ಷೆಯವರನ್ನು ಮುಂದಿನ ತಿಂಗಳೇ ಕರೆಸೋಣ ಎನ್ನುತ್ತಾರೆ ಕೆಲವರು. ಅದಕ್ಕೂ ಮೊದಲು ಏನೇನು ಆಗಿರಬೇಕು?

ಗೂಟ_ಹಗ್ಗ:

ನಕ್ಷೆಗೆ ಆತುರ ಬೇಡ ಮೇಡಂ. ಮೊದಲು ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಿ, ಮೂಲೆಮೂಲೆಗೂ ಕಲ್ಲು ನೆಡಿಸಿ. ಹಳೇ ಬೇಲಿಯನ್ನೇ ಗಡಿ ಎಂದು ನಂಬಿ ದಾರಿ ಬಿಡಿಸಿದರೆ, ಕೆಲಸ ಅರ್ಧಕ್ಕೆ ಬಂದಾಗ ಪಕ್ಕದವರು ಪತ್ರ ಹಿಡಿದು ನಿಲ್ಲುತ್ತಾರೆ. ಜತೆಗೆ ನೆಲದಡಿಯ ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್ ಎಲ್ಲೆಲ್ಲಿವೆ ಎಂಬುದನ್ನೂ ಅದೇ ಸರ್ವೆಯಲ್ಲಿ ಗುರುತಿಸಿಕೊಳ್ಳಿ.

ಎರಡನೆಯದು ಆ 900 ಮೀಟರ್. ಜಮೀನಿನವರು ಬಾಯಿಮಾತಿನಲ್ಲಿ "ಓಡಾಡಿಕೊಳ್ಳಿ ಬಿಡಿ" ಅಂದದ್ದರ ಮೇಲೆ ಒಂದು ಬುಟ್ಟಿ ಜಲ್ಲಿಯನ್ನೂ ಸುರಿಯಬೇಡಿ. ಜಮೀನು ಮಾರಾಟವಾದ ದಿನ ಆ ಮಾತಿಗೆ ಬೆಲೆ ಇರುವುದಿಲ್ಲ. ಶಾಶ್ವತ ದಾರಿ ಹಕ್ಕಿನ ಪತ್ರ ನೋಂದಣಿಯಾಗಬೇಕು, ಆ ಹಕ್ಕು ಮಾಲೀಕ ಬದಲಾದರೂ ಜಮೀನಿನ ಜತೆಗೇ ಹೋಗಬೇಕು. ಪತ್ರದಲ್ಲಿ ಅಗಲ ಎಷ್ಟೆಂದು ಅಂಕಿಯಲ್ಲೇ ಬರೆಸಿ. ಕೆಲಸ ನಡೆಯುವಾಗ ಯಂತ್ರ ತಿರುಗಲು 6 ಮೀಟರ್, ಮುಗಿದ ಮೇಲೆ 4.5 ಮೀಟರ್ ಸಾಕು. ದಾರಿಯಡಿ ನೀರು ಹಾಯುವ ಮೋರಿಗೆ ಕಸ ಕಟ್ಟಿಕೊಂಡಾಗ ಒಳಗೆ ಬಂದು ಸರಿಮಾಡುವ ಹಕ್ಕು, ತೊರೆ ದಂಡೆ ಕೊರೆದರೆ ದಾರಿಯನ್ನು ಒಳಕ್ಕೆ ಸರಿಸುವ ಹಕ್ಕು, ಯಾರಾದರೂ ಬಿದ್ದು ಪೆಟ್ಟಾದರೆ ಹೊಣೆ ಯಾರದು, ಈ ಮೂರೂ ಅದರಲ್ಲಿರಲಿ. ದಂಡೆಯ ಮಾತನ್ನು ಬರೆಸುವುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹೊಳೆಯುವ ಹೊತ್ತಿಗೆ ದಾರಿ ನೀರಿನಲ್ಲಿರುತ್ತದೆ.

14 ಎಕರೆಯ ವಿಷಯದಲ್ಲೂ ಬರೀ "ಮೀಸಲಿಡಲಾಗಿದೆ" ಎಂಬ ಠರಾವು ಸಾಲದು. ಮುಂದೆ ಬರುವ ಮಂಡಳಿ ಇನ್ನೊಂದು ಠರಾವು ಮಾಡಿ ಅಲ್ಲಿ ಗೋದಾಮು ಕಟ್ಟಬಹುದು. ವಿಹಾರಕ್ಕಲ್ಲದೆ ಬೇರೆ ಬಳಕೆ ಇಲ್ಲ ಎಂಬ ನಿರ್ಬಂಧ ಜಮೀನಿನ ದಾಖಲೆಗೇ ಸೇರಲಿ.

ನೀರುಮಟ್ಟ:

ಕಾಗದಪತ್ರದ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನೆಲದ ಮಾತಿಗೆ ಬರೋಣ.

ನಡಿಗೆ ದಾರಿಯನ್ನು ಹಾಳುಮಾಡುವುದು ಕಾಲಲ್ಲ, ನೀರು. ಒಂದು ಜೋರು ಮಳೆ ಬಿದ್ದ ಮಾರನೇ ಬೆಳಿಗ್ಗೆ ಗೂಟ, ಸುತ್ತಿಗೆ ಹಿಡಿದು ಇಡೀ ಜಾಗ ಸುತ್ತಿ. ನೀರು ನಿಂತಲ್ಲಿ ಒಂದು ಬಣ್ಣದ ಗೂಟ, ಹರಿದಲ್ಲಿ ಇನ್ನೊಂದು ಬಣ್ಣದ್ದು. ಆ ಗೂಟಗಳನ್ನು ಸರ್ವೆಯವರಿಂದ ನಕ್ಷೆಗೆ ಏರಿಸಿಕೊಳ್ಳಿ. ನೆಲದ ಏರಿಳಿತ ತೋರಿಸುವ ಯಾವ ಸಮೋನ್ನತಿ ನಕ್ಷೆಯೂ ಇಷ್ಟು ತಿಳಿಸಿಕೊಡಲ್ಲ.

ಈಗ ದಿಬ್ಬ. 60 ಮೀಟರಿಗೆ 9 ಮೀಟರ್ ಏರು ಎಂದರೆ ಶೇ. 15 ಇಳಿಜಾರು. ದಾರಿಯ ಏರು ಅದು ಹಾಯುವ ಪಕ್ಕದ ಇಳಿಜಾರಿನ ಅರ್ಧ ಮೀರಬಾರದು, ಅಂದರೆ ಇಲ್ಲಿ ಶೇ. 7.5. ಅದಕ್ಕಿಂತ ಕಡಿದಾದರೆ ಮಳೆನೀರು ದಾರಿಯನ್ನು ಅಡ್ಡ ದಾಟಿ ಹೋಗುವ ಬದಲು ದಾರಿಯನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಶೇ. 7.5ರಲ್ಲಿ ನೆತ್ತಿಗೆ 120 ಮೀಟರ್ ದಾರಿ ಬೇಕು. ನಿಮಗೆ ಗಾಲಿಕುರ್ಚಿಯೂ ಹೋಗಬೇಕು, ಹಾಗಾಗಿ ಶೇ. 5 ಇಟ್ಟುಕೊಳ್ಳಿ, 180 ಮೀಟರ್ ಆಗುತ್ತದೆ. ದಿಬ್ಬದ ಮೈಗೆ ಓರೆಯಾಗಿ ದಾರಿ ಅತ್ತಿತ್ತ ತಿರುಗಿ ಏರುವಂತೆ ಎರಡೋ ಮೂರೋ ಉದ್ದನೆ ಮಡಿಕೆ ಸಾಕು. ಸಣ್ಣಸಣ್ಣ ಮಡಿಕೆ ತುಂಬಾ ಹಾಕಬೇಡಿ, ಜನ ನಡುವೆ ನೇರ ಕಡಿದುಕೊಂಡು ಇಳಿಯುತ್ತಾರೆ. ಆ ಕಳ್ಳದಾರಿಯೇ ಮುಂದಿನ ಮಳೆಗಾಲದಲ್ಲಿ ಕೊರಕಲು. ಮೇಲಿನ ಮಡಿಕೆಯಲ್ಲಿ ನಿಂತವರಿಗೆ ಕೆಳಗಿನದು ಕಾಣದಂತೆ ನಡುವೆ ಪೊದೆ ಇದ್ದರೆ ಅರ್ಧ ಸಮಸ್ಯೆ ತಪ್ಪುತ್ತದೆ.

ದಾರಿಯ ಮೈ ಇಳಿಜಾರಿನ ಕಡೆಗೆ ಶೇ. 2ರಿಂದ 3 ವಾಲಿರಲಿ. ಬರೀ ನಡೆಯುವವರಿಗಾದರೆ 5 ಇಡಬಹುದು, ಆದರೆ ಗಾಲಿಕುರ್ಚಿ ಆ ವಾಲಿಗೆ ಕೆಳಕ್ಕೆ ಎಳೆಯುತ್ತದೆ, ಕುಳಿತವರು ಒಂದೇ ಕೈಗೆ ಬಲ ಹಾಕಿ ಸೋಲುತ್ತಾರೆ. ದಾರಿ 2.5 ಮೀಟರ್ ಅಗಲ ಎಂದಿಟ್ಟುಕೊಂಡರೆ, ಶೇ. 2ಕ್ಕೆ ಹೊರ ಅಂಚು 5 ಸೆಂ.ಮೀ. ತಗ್ಗು. ಏರಿನ ನಡುನಡುವೆ ದಾರಿ ತುಸು ಇಳಿದು ಮತ್ತೆ ಏರುವಂತೆ ಮೆಲ್ಲನೆ ಅಲೆ ಕೊಡಿ, ಆ ತಗ್ಗಿನಲ್ಲಿ ನೀರು ಹೊರಗೆ ಬೀಳುತ್ತದೆ.

ವಾಲು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ನಡುವೆ ಕಾಲುಬಿದ್ದು ತಗ್ಗಾಗುತ್ತದೆ, ಹೊರ ಅಂಚಿನಲ್ಲಿ ಮಣ್ಣು, ಎಲೆ, ಹುಲ್ಲುಬೇರು ಸೇರಿ ಗೇಣಗಲದ ಬದು ಎದ್ದುಬಿಡುತ್ತದೆ. ನೋಡಲು ಏನೂ ಅಲ್ಲ, ಎರಡು ಬೆರಳಷ್ಟು ಎತ್ತರ. ಆದರೆ ನೀರು ಅಷ್ಟಕ್ಕೇ ತಡೆದು ನಿಲ್ಲುತ್ತದೆ. ಕೊಚ್ಚೆ ದಾಟಲಾರದೆ ಜನ ಪಕ್ಕದ ಹುಲ್ಲು ತುಳಿಯುತ್ತಾರೆ, 2.5 ಮೀಟರ್ ದಾರಿ 4 ಮೀಟರ್ ಕೆಸರಾಗುತ್ತದೆ. ವರ್ಷಕ್ಕೆ ಎರಡು ಸಲ ಸಲಿಕೆಯಿಂದ ಆ ಬದು ಕೆತ್ತಿ ತೆಗೆಯುವುದು ನಿರ್ವಹಣೆಯ ಮೊದಲ ಕೆಲಸ.

ಉಪಸಮಿತಿ_ಸದಸ್ಯೆ:

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಪ್ರಶ್ನೆ. ದಾರಿಗೆ ಕಾಂಕ್ರೀಟ್ ಬೇಡ, ಜಲ್ಲಿ ಸಾಕು ಎಂಬ ಅಭಿಪ್ರಾಯವಿದೆ. ಜಲ್ಲಿ ಮೇಲೆ ಗಾಲಿಕುರ್ಚಿ ಹೋಗುತ್ತದೆಯೇ? ಸಾಮಗ್ರಿ ಎಷ್ಟು ಬೇಕಾದೀತು? ಮತ್ತೆ ಆ ಜೌಗು ಏನು ಮಾಡುವುದು?

ರೋಲರ್_ಹಾದಿ:

ಸರಿಯಾದ ಜಲ್ಲಿಯಾದರೆ ಧಾರಾಳವಾಗಿ ಹೋಗುತ್ತದೆ. ತಪ್ಪಾಗುವುದು ಆಯ್ಕೆಯಲ್ಲಿ. ಹೊಳೆಯ ಉರುಟು ಕಲ್ಲು ಎಷ್ಟು ರೋಲರ್ ಹೊಡೆದರೂ ಕೂರುವುದಿಲ್ಲ, ಗೋಲಿಯ ಹಾಗೆ ಜಾರುತ್ತದೆ, ಚಕ್ರ ಹೂತುಹೋಗುತ್ತದೆ. ತೊಳೆದ ಜಲ್ಲಿಯೂ ಬೇಡ, ಅದರಲ್ಲಿ ಹಿಡಿತ ಕೊಡುವ ಪುಡಿಯೇ ಇರುವುದಿಲ್ಲ. ಕ್ರಷರಿನಲ್ಲಿ ಒಡೆದ, ಮೂಲೆಮೂಲೆಯಾದ, 10 ಮಿ.ಮೀ.ಯಿಂದ ಹಿಡಿದು ಹಿಟ್ಟಿನಂಥ ಪುಡಿಯವರೆಗೂ ಬೆರೆತ ಸಾಮಗ್ರಿ ಮೇಲ್ಪದರಕ್ಕೆ ಬೇಕು.

ಮೊದಲು ಮೇಲ್ಮಣ್ಣು, ಬೇರು ಪೂರ್ತಿ ತೆಗೆದು ಗಟ್ಟಿನೆಲ ಕಾಣಿಸಿ. ಹುಲ್ಲಿನ ಮೇಲೇ ಜಲ್ಲಿ ಸುರಿದರೆ ಅಡಿಯಲ್ಲಿ ಅದು ಕೊಳೆತು ಕುಸಿಯುತ್ತದೆ. ನೆಲ ಮೆತ್ತಗಿರುವಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಇಲ್ಲವಾದರೆ ಜಲ್ಲಿ ಕೆಸರಿಗಿಳಿದು ಕೆಸರು ಮೇಲೆ ಬರುತ್ತದೆ. ಆಮೇಲೆ ದಪ್ಪ ಜಲ್ಲಿಯ ತಳ 12 ಸೆಂ.ಮೀ., ಅದರ ಮೇಲೆ ಪುಡಿ ಬೆರೆತ ಪದರ 7.5 ಸೆಂ.ಮೀ. ಎರಡೂ ರೋಲರ್ ಹೊಡೆದ ಮೇಲಿನ ಲೆಕ್ಕ. 2,400 ಮೀಟರ್ ಉದ್ದ, 2.5 ಮೀಟರ್ ಅಗಲಕ್ಕೆ ತಳ 720 ಘನ ಮೀಟರ್, ಮೇಲ್ಪದರ 450 ಘನ ಮೀಟರ್. ಲಾರಿಯಲ್ಲಿ ಬರುವುದು ಸಡಿಲ ಅಳತೆ, ಹಾಗಾಗಿ ಕಾಲುಭಾಗ ಹೆಚ್ಚಿಗೆ ತರಿಸಬೇಕು: ಸುಮಾರು 900 ಮತ್ತು 560.

ತೇವ ನೋಡಿಕೊಂಡು ಹೊಡೆಯಬೇಕು. ಒಂದು ಹಿಡಿ ಪುಡಿಜಲ್ಲಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ, ಕೈ ಬಿಚ್ಚಿ. ಉಂಡೆ ನಿಂತು, ಬೆರಳಿಗೆ ಬರೀ ತಣ್ಣನೆ ತೇವ ಅಂಟಿದರೆ ಹದ. ಉದುರಿಹೋದರೆ ನೀರು ಚಿಮುಕಿಸಿ, ಬೆರಳ ಸಂದಿಯಲ್ಲಿ ನೀರು ಇಳಿದರೆ ಅಂದು ಕೆಲಸ ನಿಲ್ಲಿಸಿ. ಒಣಪುಡಿಗೆ ಎಷ್ಟು ಸಲ ರೋಲರ್ ಓಡಿಸಿದರೂ ಮೊದಲ ಗಾಳಿಗೆ ಧೂಳಾಗಿ ಎದ್ದುಹೋಗುತ್ತದೆ. ಒಂದು ಸಲಕ್ಕೆ 10 ಸೆಂ.ಮೀ.ಗಿಂತ ದಪ್ಪ ಹಾಸಬೇಡಿ, ತಳದ 12ನ್ನು ಎರಡು ಪದರ ಮಾಡಿ.

ಏರು ಶೇ. 5 ಮುಟ್ಟುವ ಕಡೆ ಪುಡಿ ಮಳೆಗೆ ತೊಳೆದುಹೋಗುತ್ತದೆ. ದಿಬ್ಬದ 180 ಮೀಟರನ್ನು ಮಾತ್ರ ಡಾಂಬರು ಅಥವಾ ಕಾಂಕ್ರೀಟ್ ಮಾಡಿಬಿಡಿ ಎನ್ನುವುದು ನನ್ನ ಸಲಹೆ, ಅಲ್ಲಿ ಅಡ್ಡವಾಲು ಶೇ. 2 ಮೀರದಿರಲಿ. ಪ್ರತಿ 60 ಮೀಟರಿಗೊಂದು ಮಟ್ಟಸವಾದ ತಂಗುಜಾಗ, ಉದ್ದಗಲ 1.5 ಮೀಟರ್. ಬೆಂಚು ಹಾಕಿದರೆ ಕೂರುವ ಎತ್ತರ 45 ಸೆಂ.ಮೀ., ಎದ್ದೇಳಲು ಕೈಯಾಸರೆ, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಗಟ್ಟಿನೆಲ.

ಜೌಗಿಗೆ ಮಣ್ಣು ತುಂಬಬೇಡಿ, ದಯವಿಟ್ಟು. ತೊರೆ ಉಕ್ಕಿದಾಗ ನೀರು ಹರಡಿಕೊಳ್ಳುವ ಜಾಗ ಅದು. ತುಂಬಿದರೆ ಅದೇ ನೀರು ಪಕ್ಕದ ಜಮೀನಿಗೆ ನುಗ್ಗುತ್ತದೆ. ಸುತ್ತಿಕೊಂಡು ಹೋಗಲು ಗಟ್ಟಿನೆಲ ಇದ್ದರೆ ಸುತ್ತಿ, ಇಲ್ಲದಿದ್ದರೆ ಮರದ ಹಲಗೆಯ ಅಟ್ಟದಾರಿ. ಹಲಗೆ ನಡೆಯುವ ದಿಕ್ಕಿಗೆ ಅಡ್ಡಲಾಗಿರಲಿ, ಸಂದು 12 ಮಿ.ಮೀ. ಮೀರದಿರಲಿ. ಉದ್ದಕ್ಕೆ ಹಾಕಿದರೆ ಚಕ್ರವೂ ಊರುಗೋಲೂ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಅಂಚಿಗೆ 10 ಸೆಂ.ಮೀ. ತಡೆ, ನೆಲದಿಂದ 75 ಸೆಂ.ಮೀ.ಗಿಂತ ಎತ್ತರವಾದರೆ ಕಟಕಟೆ.

ಮೋರಿಗೆ 300 ಮಿ.ಮೀ.ಗಿಂತ ಸಣ್ಣ ಪೈಪು ಬೇಡವೇ ಬೇಡ, ಸಾಧ್ಯವಾದರೆ 450. ಸಣ್ಣದು ಒಂದು ಕೊಂಬೆ, ನಾಲ್ಕು ಹಿಡಿ ಎಲೆಗೆ ಕಟ್ಟಿಕೊಳ್ಳುತ್ತದೆ. ಶೇ. 2 ಇಳಿಜಾರು, ಮೇಲೆ 30 ಸೆಂ.ಮೀ. ಮಣ್ಣು, ನೀರು ಬೀಳುವ ಬಾಯಿಗೆ ದಪ್ಪಕಲ್ಲಿನ ಹಾಸು.

ಗೂಟ_ಹಗ್ಗ:

2.5 ಮೀಟರ್ ಅಗಲದ ಬಗ್ಗೆ ನನ್ನದು ಬೇರೆ ಮಾತು. ಸೈಕಲಿಗೂ ಬಿಡುವುದಾದರೆ 3 ಮೀಟರ್ ಬೇಕು, ಎರಡೂ ಕಡೆ 60 ಸೆಂ.ಮೀ. ಗಿಡ-ಕಂಬ ಇಲ್ಲದ ಅಂಚು, ತಲೆ ಮೇಲೆ 3 ಮೀಟರ್ ತೆರವು. ಬರೀ ನಡಿಗೆಗಾದರೆ 2 ಮೀಟರೇ ಸಾಕು. ಇದನ್ನು ಮಂಡಳಿ ಈಗಲೇ ತೀರ್ಮಾನಿಸಲಿ. ಎರಡೂ ಅಲ್ಲದ ಅಗಲ ಮಾಡಿ ಆಮೇಲೆ "ಸೈಕಲ್ ನಿಷೇಧ" ಎಂದು ಫಲಕ ಹಾಕಿದರೆ ದಿನಾ ಜಗಳ. ಬಾಗಿಲಲ್ಲಿ ಕಾರು ನುಗ್ಗದಂತೆ ಕಂಬ ನೆಡುವುದಾದರೆ ನಡುವಿನ ಸಂದು 1.5 ಮೀಟರ್. ಕಂಬಕ್ಕೆ ಹೊಳೆಯುವ ಪಟ್ಟಿ ಇಲ್ಲದಿದ್ದರೆ ಕತ್ತಲಲ್ಲಿ ಸೈಕಲಿನವರಿಗೆ ಅದೇ ಅಪಾಯ.

ರೋಲರ್_ಹಾದಿ:

ಒಪ್ಪಿದೆ. 3 ಮೀಟರ್ ಆದರೆ ನನ್ನ ಅಂಕಿಗಳನ್ನೆಲ್ಲ ಐದನೇ ಒಂದು ಭಾಗ ಏರಿಸಿಕೊಳ್ಳಿ.

ಹುಲ್ಲು_ಮೈದಾನ:

ಮೈದಾನದ ಬಗ್ಗೆ ಯಾರೂ ಹೇಳಿಲ್ಲ. 105 ಮೀಟರ್ ಉದ್ದ, 68 ಮೀಟರ್ ಅಗಲದ ಪೂರ್ಣ ಅಳತೆಗೆ ಸುತ್ತ 3 ಮೀಟರ್ ತೆರಪು ಸೇರಿದರೆ ಸುಮಾರು 2 ಎಕರೆ. ಉದ್ದ ಉತ್ತರ-ದಕ್ಷಿಣಕ್ಕಿರಲಿ, ಸಂಜೆ ಬಿಸಿಲು ಗೋಲ್‌ಕೀಪರನ ಕಣ್ಣಿಗೆ ಹೊಡೆಯುವುದಿಲ್ಲ. ಅಗಲದ ಕಡೆ ಇನ್ನೂ 8-10 ಮೀಟರ್ ಸಮನೆಲ ಬಿಟ್ಟುಕೊಂಡರೆ ಗೋಲಿನ ಬಾಯಿಯ ಹುಲ್ಲು ಸವೆದಾಗ ಮೈದಾನವನ್ನೇ ಪಕ್ಕಕ್ಕೆ ಸರಿಸಬಹುದು. ಇಷ್ಟು ಜಾಗ ಇರುವಾಗ ಇದನ್ನು ಬಿಡಬೇಡಿ.

ಸಮತಟ್ಟಾಗಿ ಕಾಣುವ ನೆಲವನ್ನು ಹಾಗೇ ಬಿಟ್ಟರೆ ಕೆರೆಯಾಗುತ್ತದೆ, ಶೇ. 1ರಿಂದ 1.5 ಇಳಿಜಾರು ಕೊಡಲೇಬೇಕು. ಅದಕ್ಕೂ ಮೊದಲು ನಾಲ್ಕಾರು ಕಡೆ 30 ಸೆಂ.ಮೀ. ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಅಳತೆಗೋಲು ನಿಲ್ಲಿಸಿ. ಗಂಟೆಗೆ ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ ಅಡಿಯಲ್ಲಿ ತೂತುಪೈಪು ಹಾಕದೆ ಹುಲ್ಲು ನಿಲ್ಲುವುದಿಲ್ಲ.

ದೊಡ್ಡ ಮರಗಳಿದ್ದರೆ ಎದೆಯೆತ್ತರದಲ್ಲಿ ಕಾಂಡದ ವ್ಯಾಸ ಅಳೆದು, ಅದರ 12 ಪಟ್ಟು ದೂರಕ್ಕೆ ಸುತ್ತ ಬೇಲಿ ಕಟ್ಟಿ. 50 ಸೆಂ.ಮೀ. ವ್ಯಾಸಕ್ಕೆ 6 ಮೀಟರ್. ಅದರೊಳಗೆ ರೋಲರ್, ಲಾರಿ, ಮಣ್ಣಿನ ರಾಶಿ ಯಾವುದೂ ಬರಬಾರದು. ನೆಲ ಅಮುಕಿದ ವರ್ಷ ಮರಕ್ಕೆ ಏನೂ ಆಗಿಲ್ಲವೆನಿಸುತ್ತದೆ, ಬೇರಿಗೆ ಗಾಳಿ ಸಿಗದೆ ಒಣಗುವುದು ಕೆಲವು ವರ್ಷ ಕಳೆದ ಮೇಲೆ. ಆಗ ಯಾರೂ ಕಾರಣ ಹುಡುಕುವುದಿಲ್ಲ.

ಪ್ರವಾಹದ ನೀರು ಏರುವ ಗೆರೆಯೊಳಗೆ ಮೈದಾನ, ದಾರಿ ಬಂದರೆ ತೊಂದರೆಯಿಲ್ಲ. ಶೌಚಾಲಯ, ವಿದ್ಯುತ್ ಪೆಟ್ಟಿಗೆ, ಮಕ್ಕಳ ಆಟದ ಜಾಗ ಅದರ ಹೊರಗಿರಲಿ. ಉಯ್ಯಾಲೆ, ಜಾರುಬಂಡೆಯಡಿ ಹಾಸುವ ಮರದ ಚಕ್ಕೆ ಒಂದೇ ನೆರೆಗೆ ತೇಲಿಹೋಗುತ್ತದೆ. ಚಕ್ಕೆಯನ್ನು 30 ಸೆಂ.ಮೀ. ದಪ್ಪ ಹಾಸಿ, ತುಳಿದು ಕೂತ ಮೇಲೂ 23ಕ್ಕಿಂತ ಕಮ್ಮಿಯಾಗದಂತೆ ಆಗಾಗ ತುಂಬಬೇಕು.

ಉಪಸಮಿತಿ_ಸದಸ್ಯೆ:

ಬಹಳ ಉಪಕಾರವಾಯಿತು. ಸರ್ವೆ, ದಾರಿ ಹಕ್ಕಿನ ಪತ್ರ, ಮಳೆಯ ಮಾರನೇ ದಿನದ ಗೂಟ, ಇಂಗುಗುಂಡಿ ಪರೀಕ್ಷೆ, ಆಮೇಲೆ ನಕ್ಷೆ ಎಂದು ಮಂಡಳಿಯ ಮುಂದೆ ಇಡುತ್ತೇನೆ. ಸಾರ್ವಜನಿಕ ಸಭೆ ಯಾವ ಹಂತದಲ್ಲಿ ಕರೆಯುವುದು ಒಳ್ಳೆಯದು?

ಗೂಟ_ಹಗ್ಗ:

ಗೂಟ ನೆಟ್ಟ ಮೇಲೆ, ನಕ್ಷೆ ಬರೆಯುವ ಮೊದಲು. ಸಭಾಂಗಣದಲ್ಲಿ ಬೇಡ, ಜಾಗದಲ್ಲೇ ಕರೆಯಿರಿ. ದಾರಿ ಹಾಯುವ ಕಡೆ ಬಣ್ಣದ ಪಟ್ಟಿ ಕಟ್ಟಿ ಎಲ್ಲರನ್ನೂ ಅದರ ಮೇಲೆ ನಡೆಸಿ. "ನಮ್ಮ ಹಿತ್ತಲು ಕಾಣುತ್ತದೆ" ಎಂದವರ ಬೇಲಿ ಪಕ್ಕ ನಿಂತು ನೋಡಿದರೆ ಪಟ್ಟಿಯನ್ನು 10 ಮೀಟರ್ ಆಚೆ ಕಟ್ಟಲು ಎರಡು ನಿಮಿಷ ಸಾಕು. ಆ ಸಭೆಗೆ ನಿರ್ವಹಣೆಯ ಹಾಳೆಯನ್ನೂ ಒಯ್ಯಿರಿ: ದೊಡ್ಡ ಮಳೆಯಾದ ಪ್ರತಿ ಸಲ ಮೋರಿ ಬಾಯಿ ನೋಡುವವರು ಯಾರು, ಅಂಚಿನ ಬದು ಯಾವ ಎರಡು ತಿಂಗಳಲ್ಲಿ ಕೆತ್ತುವುದು, ಕೆಲವು ವರ್ಷಕ್ಕೊಮ್ಮೆ 2-3 ಸೆಂ.ಮೀ. ಪುಡಿಜಲ್ಲಿ ಮತ್ತೆ ಹಾಸಲು ಹಣ ಯಾವ ಲೆಕ್ಕದಿಂದ. ಆ ಮೂರು ಸಾಲಿಗೆ ಹೆಸರು, ತಿಂಗಳು, ಲೆಕ್ಕದ ಶೀರ್ಷಿಕೆ ತುಂಬುವವರೆಗೆ ಟೆಂಡರ್ ಕರೆಯಬೇಡಿ.