ಪದ ಬೇಕಿದೆ: ಟೊಮೇಟೊ ಪಕ್ಕದ ಚೆಂಡುಹೂವಿಗೆ ಏನನ್ನೋಣ? (ಬೋರ್ಡ್ ಬರೆಯುವವರು ನಾಳೆ ಬರುತ್ತಾರೆ)

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ನಮ್ಮ ಶಾಲೆಯ ಕೈತೋಟಕ್ಕೆ ತಗಡಿನ ಬೋರ್ಡ್ ಬರೆಸುತ್ತಿದ್ದೇವೆ. ಟೊಮೇಟೊ ಪಕ್ಕ ಚೆಂಡುಹೂ, ಎಲೆಕೋಸಿನ ಪಕ್ಕ ಸಾಸಿವೆ ಹಾಕಿದ್ದೇವೆ. ಒಂದು ಗಿಡ ಪಕ್ಕದ ಗಿಡವನ್ನು ಹುಳದಿಂದ ಕಾಯಲಿ ಅಂತ. ಇಂಗ್ಲಿಷಿನಲ್ಲಿ ಕಂಪ್ಯಾನಿಯನ್ ಪ್ಲಾಂಟಿಂಗ್ ಅಂತಾರಲ್ಲ, ಅದು. ಹೋದ ಸಲ ನಾನೇ 'ಸಂಗಾತಿ ಗಿಡಗಳು' ಅಂತ ರಟ್ಟಿನ ಮೇಲೆ ಬರೆದು ನೆಟ್ಟಿದ್ದೆ. ಏಳನೇ ಕ್ಲಾಸಿನ ಹುಡುಗರು "ಟೊಮೇಟೊ ಮದುವೆ ಯಾವಾಗ ಮಿಸ್?" ಅಂತ ಕೇಳಿ ಕೇಳಿ, ಮಧ್ಯಾಹ್ನದ ಊಟದ ಹೊತ್ತಿಗೆ ರಟ್ಟು ಕಿತ್ತೆ. 'ಸಹಚರ ಸಸ್ಯ' ಅಂತ ಒಬ್ಬರು ಸೂಚಿಸಿದರು. ಆರೋಪಿ ಮತ್ತು ಆತನ ಸಹಚರರು ನೆನಪಾಗುತ್ತಾರೆ. ಬೋರ್ಡ್ ಅಗಲ ಎರಡೇ ಅಡಿ. ಚಿಕ್ಕ ಪದ ಕೊಡಿ.

ಹಾಸನದಿಂದ:
ಒಡಬೆಳೆ. ಒಡನೆ, ಒಡನಾಡಿ, ಒಡಹುಟ್ಟು ಎಲ್ಲ ಇರುವಾಗ 'ಸಹ' ಯಾಕೆ? ತಮಿಳರಿಗೆ 'ಉಡನ್' ಸಾಕಾಗಿದೆ. ಚರ್ಚೆ ಬೇಕಿಲ್ಲ.

ಅರಸೀಕೆರೆಯಿಂದ:
ಬೇಕು. ಒಡಬೆಳೆ ಅಂದೆ, ನಮ್ಮಮ್ಮ "ಯಾಕೆ ಒಡೀತೀಯ?" ಅಂದರು. ಪದ ಕಟ್ಟುವ ಮುಂಚೆ ಹೊಲ ನೋಡಿ ಸ್ವಾಮಿ. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ, ಅಂದರೆ ಬೀಜ ಬಿಡುವ ಕೊಳವೆ, ಕಟ್ಟುತ್ತಿದ್ದೆವು. ನಮ್ಮಜ್ಜಿ ಮಡಿಲಿನಿಂದ ಅವರೆ, ತೊಗರಿ, ಹುಚ್ಚೆಳ್ಳು ಹಿಡಿ ಹಿಡಿ ತೆಗೆದು ಅದರ ಬಾಯಿಗೆ ಬಿಡುತ್ತಾ ಎತ್ತಿನ ಹಿಂದೆಯೇ ನಡೆಯುತ್ತಿದ್ದರು. ಕೈ ಒಂದು ಗಳಿಗೆ ನಿಂತರೂ ಸಾಲಿನಲ್ಲಿ ಬೋಳು ಬೀಳುತ್ತಿತ್ತು. ತಿಂಗಳಾದ ಮೇಲೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಯಾರ ಕೈ ನಿಂತಿತು ಅಂತ. ಆ ಸಾಲಿಗೆ ಅಕ್ಕಡಿ ಅಂತಾರೆ. ಪದ ಇದೆ, ತಗೊಳ್ಳಿ.

ಹಾಸನದಿಂದ:
ತಪ್ಪು. ಅಕ್ಕಡಿ ಹಾಕುವುದು ಕಾಳಿಗೆ. ಇವರು ಕೇಳುತ್ತಿರುವುದು ಒಂದು ಗಿಡ ಇನ್ನೊಂದನ್ನು ಕಾಯುವ ವಿಷಯ. ಬೇರೆ ಬೇರೆ.

ಮೂಡಿಗೆರೆಯಿಂದ:
ಅಕ್ಕ + ಅಡಿ = ಅಕ್ಕಡಿ. ಅಕ್ಕನಂತೆ ಎತ್ತರ ಬೆಳೆದ ತೊಗರಿಯ ಅಡಿಯಲ್ಲಿ ತಂಗಿಯಂಥ ರಾಗಿ. ಎಷ್ಟು ಚೆಂದ ಅಲ್ವಾ?

ಹಾಸನದಿಂದ:
ಕಟ್ಟುಕತೆ.

ಬೇಲೂರಿನಿಂದ:
ಸುಮ್ನೆ ಕಂಪ್ಯಾನಿಯನ್ ಅಂತಲೇ ಬರೆಸಿ. ಕಾಫಿಗೆ ಕನ್ನಡ ಪದ ಹುಡುಕಿಕೊಂಡು ಯಾರಾದರೂ ಕುಡಿಯದೆ ಕೂತರಾ? ಹಾಸನದವರು ಬೆಳೆಯುವ ಆಲೂಗಡ್ಡೆಯಲ್ಲಿ ಆಲೂ ಎಲ್ಲಿಂದ ಬಂತು?

ಹಾಸನದಿಂದ:
ಗಡ್ಡೆ ಎಲ್ಲಿಂದ ಬಂತು ಅಂತಲೂ ಹೇಳಿ. ಹೊರಗಿನದಕ್ಕೆ ನಮ್ಮದನ್ನು ಅಂಟಿಸಿಕೊಂಡಿದ್ದೇವೆ. ನೀವು ನಮ್ಮದನ್ನು ಬಿಸಾಕಿ ಅಂತಿದ್ದೀರಿ.

ಮೂಡಿಗೆರೆಯಿಂದ:
ಕಟ್ಟುಕತೆ ಅಂದಿದ್ದಕ್ಕೆ ಬೇಜಾರಿಲ್ಲ. ಆದರೆ ಹಳೆ ಪದ ಹೊಸ ಅರ್ಥಕ್ಕೆ ಹಿಗ್ಗಲ್ಲ ಅನ್ನೋದನ್ನು ಒಪ್ಪಲ್ಲ. ನಮ್ಮ ತೋಟದಲ್ಲಿ ಸಿಲ್ವರ್ ಓಕಿಗೆ ಹಬ್ಬಿರುವುದು ಮೆಣಸು. ಅದು ಈ ಘಟ್ಟದ್ದೇ ಬಳ್ಳಿ. ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಇನ್ನೊಂದು ಖಾರ ಬಂತು. ಅದಕ್ಕೂ ಮೆಣಸಿನಕಾಯಿ ಅಂದೆವು. ಈಗ ಮೂಲದ ಮೆಣಸೇ 'ಕಾಳುಮೆಣಸು' ಅಂತ ಗುರುತು ಹೇಳಿಕೊಂಡು ಓಡಾಡಬೇಕು! ಚೆಂಡುಹೂವೂ ಮೆಕ್ಸಿಕೊ ಕಡೆಯದು. ಗುಂಡಗಿದೆ, ಚೆಂಡು ಅಂದೆವು, ಮುಗೀತು. ಮೆಣಸು ಅಷ್ಟು ದೂರ ಹಿಗ್ಗಿದ ಮೇಲೆ ಅಕ್ಕಡಿ ಹೊಲದಿಂದ ಹಿತ್ತಲಿಗೆ ಬರೋಕೆ ಏನು ಕಷ್ಟ?

ಅರಸೀಕೆರೆಯಿಂದ:
ಮಿಸ್, ಒಂದು ಅನುಮಾನ. ಆ ಚೆಂಡುಹೂ ನಿಜವಾಗಿ ಕಾಯುತ್ತಾ, ಅಥವಾ ಚೆಂದಕ್ಕಾ?

ಚಿಕ್ಕಮಗಳೂರಿನಿಂದ:
ಚೆಂದಕ್ಕಲ್ಲ. ಕಾಯಿ ಕೊರೆಯುವ ಹುಳದ ಚಿಟ್ಟೆ ಟೊಮೇಟೊ ಬಿಟ್ಟು ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಲೆಕ್ಕ, 16 ಸಾಲು ಟೊಮೇಟೊಗೆ 1 ಸಾಲು ಚೆಂಡುಹೂ. ಟೊಮೇಟೊ ಸಸಿ 25 ದಿನದ್ದಾದರೆ ಚೆಂಡುಹೂವಿನ ಸಸಿ 45 ದಿನದ್ದಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಮೊದಲ ವರ್ಷ ನಾವು ಎರಡನ್ನೂ ಒಂದೇ ದಿನ ಬಿತ್ತಿದ್ದೆವು. ಚೆಂಡುಹೂ ಮೊಗ್ಗು ಬಿಡೋ ಹೊತ್ತಿಗೆ ಟೊಮೇಟೊದಲ್ಲೆಲ್ಲ ತೂತು.

ಸರಿ, ಪೇಂಟರ್ ಬಂದು ಹೋದರು. 'ಅಕ್ಕಡಿ ಹೂ' ಅಂತ ಬರೆಸಿದೆ. ಅಕ್ಷರಕ್ಕಿಷ್ಟು ಅಂತ ದುಡ್ಡು ಕೇಳಿದರು, ಅದೂ ಒಂದು ಕಾರಣ. ಹಾಸನದವರು ಬೈಕೊಳ್ಳಬೇಡಿ. ಅಡುಗೆಯವರು ಬೋರ್ಡ್ ಓದಿ "ಓ, ಅಕ್ಕಡಿನಾ" ಅಂದು ನೀರು ಹಾಕೋಕೆ ಹೋದರು. ಮದುವೆ ಮಾತು ಯಾರೂ ಎತ್ತಲಿಲ್ಲ.

ಇನ್ನೊಂದು ಬೋರ್ಡ್ ಬಾಕಿ ಇದೆ. ಎಲೆಕೋಸಿನ ಹುಳವನ್ನು ಸಾಸಿವೆ ತನ್ನ ಕಡೆ ಎಳೆದುಕೊಳ್ಳುತ್ತೆ. 'ಬಲೆ ಬೆಳೆ' ಅಂದರೆ ಆಗುತ್ತಾ?

ಹಾಸನದಿಂದ:
ಬಲಿ ಅನ್ನಿ. ತಿನ್ನಿಸಿಕೊಳ್ಳುವುದು ಅದೇ ತಾನೆ. ಸಂಸ್ಕೃತ, ಆದರೂ ಇರಲಿ.