‘ಹುಡುಗಿಯರ ಸಾಲಿನಲ್ಲಿ ಕೂರಿಸಿ’ ಅಂತ ಚೀಟಿ ಕೊಟ್ಟಿದ್ದಾನೆ. ಮನೆಯವರಿಗೆ ಹೇಳಬೇಕಾ?

ವಿಜ್ಞಾನ ಟೀಚರ್, ಹಾಸನ ಜಿಲ್ಲೆ

ನಾನು ಒಂದು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸಿನ ಕ್ಲಾಸ್ ಟೀಚರ್. ನಮ್ಮಲ್ಲಿ ಆಪ್ತ ಸಮಾಲೋಚಕರು ಅಂತ ಯಾರೂ ಇಲ್ಲ, ಇರುವುದು ನಾವೇ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಮೆದು ಮಾತು, ಚೆನ್ನಾಗಿ ಹಾಡುತ್ತಾನೆ, ಸ್ನೇಹ ಎಲ್ಲಾ ಹುಡುಗಿಯರ ಜೊತೆಗೇ. ಹುಡುಗರು ಅವನಿಗೆ ಇಟ್ಟಿರುವ ಹೆಸರು ‘ಒಂಬತ್ತು’. ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಲೆಕ್ಕದ ಮೇಷ್ಟ್ರು ಬೋರ್ಡ್ ಮೇಲೆ ಒಂಬತ್ತು ಬರೆದರೂ ಹಿಂದಿನ ಬೆಂಚಿನಿಂದ ನಗು ಬರುತ್ತದೆ, ಇವನು ತಲೆ ತಗ್ಗಿಸುತ್ತಾನೆ. ಇಂಟರ್‌ವಲ್‌ನಲ್ಲಿ ಟಾಯ್ಲೆಟ್ಟಿಗೆ ಹೋಗುವುದೇ ಇಲ್ಲ, ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯುವುದಿಲ್ಲ, ಇದನ್ನು ನನಗೆ ಹೇಳಿದ್ದು ಅವನ ಗೆಳತಿ. ಶನಿವಾರ ಬೆಳಿಗ್ಗೆ ಮಾಸ್ ಪಿಟಿ ಇರುತ್ತದೆ. ಹಾಜರಿ ಪುಸ್ತಕ ತೆಗೆದು ನೋಡಿದರೆ ಎರಡು ತಿಂಗಳಿಂದ ಒಂದು ಶನಿವಾರವೂ ಬಂದಿಲ್ಲ.

ಮೊನ್ನೆ ಹೋಂವರ್ಕ್ ಪುಸ್ತಕದೊಳಗೆ ಚೀಟಿ ಇತ್ತು. ‘ಮಿಸ್, ನನ್ನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಿ. ಯಾರಿಗೂ ಹೇಳಬೇಡಿ.’

ನಾನು ಚೀಟಿಯ ವಿಷಯ ಹೇಳಲಿಲ್ಲ, ಕಾಟ ಕೊಡುತ್ತಿದ್ದಾರೆ ಅಂತಷ್ಟೇ ಎಚ್‌ಎಂಗೆ ಹೇಳಿದೆ. ಅವರು ‘ತಂದೆಯನ್ನು ಕರೆಸಿ, ಹುಡುಗ ಹೀಗೆ ಅಂತ ಹೇಳಿಬಿಡಿ’ ಅಂದರು. ಆ ತಂದೆಗೆ ಮಾತಿಗಿಂತ ಕೈ ಮುಂದು. ನನಗೆ ಭಯ. ಏನು ಮಾಡಲಿ?

ಶಾಲಾ ಆಪ್ತ ಸಮಾಲೋಚಕಿ, ಬೆಂಗಳೂರು

ಟೀಚರ್, ದಯವಿಟ್ಟು ಈ ವಾರ ತಂದೆಯನ್ನು ಕರೆಸಬೇಡಿ. ಮೊದಲು ಮಗುವಿನ ಹತ್ತಿರ ಮಾತಾಡಿ.

ಆ ಚೀಟಿಯನ್ನು ಎರಡು ರೀತಿ ಓದಬಹುದು. ಹುಡುಗರ ಕಾಟ ತಪ್ಪಿದರೆ ಸಾಕು ಅಂತ ಕೇಳಿರಬಹುದು. ಇಲ್ಲವೇ ತಾನು ಹುಡುಗಿ ಅಂತ ಒಳಗೆ ಅನ್ನಿಸುತ್ತಿರಬಹುದು. ಹದಿಮೂರು ವರ್ಷಕ್ಕೆ ಅದು ಅವನಿಗೇ ಸ್ಪಷ್ಟ ಇಲ್ಲದೆಯೂ ಇರಬಹುದು. ಅದನ್ನು ತೀರ್ಮಾನ ಮಾಡುವುದು ನಿಮ್ಮ ಕೆಲಸವಲ್ಲ, ನನ್ನ ಕೆಲಸವೂ ಅಲ್ಲ. ‘ನೀನು ಹುಡುಗನಾ ಹುಡುಗಿನಾ’ ಅಂತ ಮಾತ್ರ ಕೇಳಬೇಡಿ. ಸ್ಟಾಫ್ ರೂಮಿಗೆ ಕರೆಸಬೇಡಿ, ಎದುರುಬದುರು ಕೂರಿಸಿಕೊಳ್ಳಬೇಡಿ. ನೀವು ವಿಜ್ಞಾನದವರು, ಲ್ಯಾಬ್‌ನಲ್ಲಿ ಟೆಸ್ಟ್ ಟ್ಯೂಬ್ ತೊಳೆಯಲು ಜೊತೆಗೆ ಒಬ್ಬ ಬೇಕು ಅಂತ ಕರೆಯಿರಿ. ಬಾಗಿಲು ತೆರೆದೇ ಇರಲಿ. ಕೈಗೆ ಕೆಲಸ ಇದ್ದಾಗ ಮಕ್ಕಳಿಗೆ ಮಾತು ಸುಲಭವಾಗಿ ಬರುತ್ತದೆ. ‘ಚೀಟಿ ಓದಿದೆ, ಬರೆದಿದ್ದು ಒಳ್ಳೆಯದಾಯಿತು, ಯಾವ ಹೊತ್ತಿನಲ್ಲಿ ನಿನಗೆ ಜಾಸ್ತಿ ಕಷ್ಟ ಆಗುತ್ತದೆ?’ ಇಷ್ಟು ಕೇಳಿ ಸುಮ್ಮನಿರಿ. ಅವನು ಸುಮ್ಮನಿದ್ದರೂ ಪರವಾಗಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡಿ. ಯಾರಾದರೂ ಅವನ ಮೈ ಮುಟ್ಟಿ ಹಿಂಸೆ ಕೊಟ್ಟಿದ್ದರೆ, ಅವನಿಗೆ ಸಾಯಬೇಕು ಅನ್ನಿಸುತ್ತಿದ್ದರೆ, ಆ ಎರಡನ್ನು ನೀವು ಗುಟ್ಟಾಗಿ ಇಡಲು ಆಗುವುದಿಲ್ಲ. ಟಾಯ್ಲೆಟ್ಟಿಗೇ ಹೋಗದ ಮಗು ಅಂದಾಗ ನಾನು ಇದನ್ನು ಕೇಳಿಯೇ ಕೇಳುತ್ತೇನೆ, ಅಲ್ಲಿ ಏನಾಯಿತು ಅಂತ. ಲೈಂಗಿಕ ಹಿಂಸೆ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿ, ಕೇಳಿದ್ದಕ್ಕೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

14416 ಟೆಲಿ ಮಾನಸ್ ನಂಬರ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನಿಗೆ ಮಾತ್ರ ಅಲ್ಲ, ಹೇಗೆ ಮಾತಾಡಲಿ ಅಂತ ನೀವೂ ಫೋನ್ ಮಾಡಿ ಕೇಳಬಹುದು. ಮನೆಯಲ್ಲಿ ಹೊಡೆತ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098.

ದಾವಣಗೆರೆ ಕಡೆಯವನು

ನನಗೆ ಈಗ ನಲವತ್ತಾರು. ನನಗೂ ಅದೇ ಹೆಸರಿತ್ತು. ನಮ್ಮ ಮೇಷ್ಟ್ರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಅಂತ ಅಪ್ಪನನ್ನು ಕರೆಸಿ ‘ಸ್ವಲ್ಪ ಗಮನ ಕೊಡಿ, ಹೆಣ್ಣಿಗನ ಥರ ಆಡುತ್ತಾನೆ’ ಅಂದರು. ಆ ಒಂದು ಮಾತಿಗೆ ಬೆಲ್ಟಿನ ಏಟು, ತಾಯತ, ತಲೆ ಬೋಳಿಸಿ ಹರಕೆ, ಆಮೇಲೆ ರಾಣೆಬೆನ್ನೂರಿನ ಮಾವನ ಮನೆಗೆ ಕಳಿಸಿದ್ದು. ಶಾಲೆಯಲ್ಲಿ ಕಾಟ ಇದ್ದರೂ ಮನೆಯಲ್ಲಿ ಉಸಿರಾಡುತ್ತಿದ್ದೆ. ಅವತ್ತಿನಿಂದ ಅದೂ ಹೋಯಿತು.

ನನ್ನನ್ನು ಉಳಿಸಿದ್ದು ಹೊಸ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಅಕ್ಕೋರು. ಏನೂ ಕೇಳಲಿಲ್ಲ. ಇಂಟರ್‌ವಲ್‌ನಲ್ಲಿ ಕಪಾಟಿನ ಕೀ ನನ್ನ ಕೈಗೆ ಕೊಟ್ಟು ‘ಪುಸ್ತಕ ಜೋಡಿಸು’ ಅನ್ನುತ್ತಿದ್ದರು, ಅಷ್ಟೇ. ನಾನು ಗಂಡಸರನ್ನು ಇಷ್ಟಪಡುವವನು ಅಂತ ನಾನೇ ಅಪ್ಪನಿಗೆ ಹೇಳಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ, ಸ್ವಂತ ದುಡಿಮೆ, ಸ್ವಂತ ಮನೆ ಆದ ಮೇಲೆ. ಹೇಳುವ ಹೊತ್ತು ಆ ಹುಡುಗನದು, ಅದನ್ನು ಅವನಿಂದ ಕಿತ್ತುಕೊಳ್ಳಬೇಡಿ.

‘ಸರಿ ಮಾಡುವ’ ಡಾಕ್ಟರ್ ಇದ್ದಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಇಬ್ಬರು ಮಕ್ಕಳ ಅಪ್ಪ, ಶಿವಮೊಗ್ಗ

ಮೇಲಿನವರು ಅನುಭವಿಸಿದ್ದನ್ನು ಓದಿ ಹೊಟ್ಟೆ ಹಿಂಡಿದಂತಾಯಿತು. ಆದರೂ ನನಗೆ ಒಂದು ಒಪ್ಪಿಗೆಯಾಗುತ್ತಿಲ್ಲ. ನನ್ನ ಮಗ ಇಡೀ ದಿನ ನೀರು ಕುಡಿಯದೆ ಕೂರುತ್ತಾನೆ ಅಂದರೆ ಅದು ನನಗೆ ಗೊತ್ತಾಗಬೇಡವೇ? ಎಲ್ಲಾ ಅಪ್ಪಂದಿರೂ ಬೆಲ್ಟ್ ತೆಗೆಯುವುದಿಲ್ಲ. ಶಾಲೆಯವರು ಮುಚ್ಚಿಟ್ಟರು ಅಂತ ಆಮೇಲೆ ತಿಳಿದರೆ ಯಾವ ತಂದೆ ತಾಯಿ ನಂಬುತ್ತಾರೆ?

ಶಾಲಾ ಆಪ್ತ ಸಮಾಲೋಚಕಿ, ಬೆಂಗಳೂರು

ನ್ಯಾಯವಾದ ಪ್ರಶ್ನೆ ಸರ್. ಹುಡುಗರು ಕಾಟ ಕೊಡುತ್ತಿದ್ದಾರೆ, ಶನಿವಾರ ತಪ್ಪಿಸುತ್ತಿದ್ದಾನೆ, ನೀರು ಕುಡಿಯುತ್ತಿಲ್ಲ, ಇದನ್ನು ಮನೆಗೆ ತಿಳಿಸಬೇಕು. ತಿಳಿಸುತ್ತೇನೆ ಅಂತ ಮಗುವಿಗೆ ಮೊದಲು ಹೇಳಿ, ಮನೆಯಲ್ಲಿ ಯಾರಿಗೆ ಹೇಳಿದರೆ ಅವನಿಗೆ ಭಯ ಇಲ್ಲ ಅಂತ ಕೇಳಿ, ಆಮೇಲೆ. ಅಮ್ಮನೋ ಅಜ್ಜಿಯೋ ಇರಬಹುದು. ‘ನಿಮ್ಮ ಮಗ ಇಂಥವನು’ ಅನ್ನುವುದು ಬೇರೆ ಮಾತು. ಅದನ್ನು ಅವನೇ ಇನ್ನೂ ಹೇಳಿಲ್ಲ, ನಾವು ಹೇಗೆ ಹೇಳುವುದು?

ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು

ಎಲ್ಲರೂ ಹುಡುಗನ ಮನಸ್ಸಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಬದಲಾಗಬೇಕಾದವರು ಉಳಿದ ಮೂವತ್ತು ಜನ ಮತ್ತು ಒಂದಿಬ್ಬರು ಮೇಷ್ಟ್ರು. ನಗುವವರಲ್ಲಿ ಮುಂದಾಳುಗಳು ಇಬ್ಬರೋ ಮೂವರೋ ಇರುತ್ತಾರೆ. ಅವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿ, ಪ್ರಾರ್ಥನೆ ಸಾಲಿನಲ್ಲಿ ನಿಲ್ಲಿಸಿ ಬಯ್ಯಬೇಡಿ, ಆ ಸಿಟ್ಟು ಸಂಜೆ ದಾರಿಯಲ್ಲಿ ಇವನ ಮೇಲೆ ತೀರುತ್ತದೆ. ಪಿಟಿ ಮೇಷ್ಟ್ರು ‘ಗಂಡಸಿನ ಥರ ನಡೆಯೋ’ ಅನ್ನುವವರಾದರೆ ಎಚ್‌ಎಂ ಮೂಲಕವೇ ಹೇಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇದನ್ನು ಹೇಳಿದರೆ ಎಚ್‌ಎಂ ಕಿವಿಗೊಡುತ್ತಾರೆ, ನಾನೂ ಆ ಕುರ್ಚಿಯಲ್ಲಿ ಕೂತಿದ್ದವನು. ಟಾಯ್ಲೆಟ್ಟಿಗೆ ಬೆಲ್ ಆಗುವ ಐದು ನಿಮಿಷ ಮೊದಲೇ ಬಿಡಿ. ಸಾಲಿನ ವಿಷಯಕ್ಕೆ ಇಡೀ ಕ್ಲಾಸನ್ನೇ ಗುಂಪು ಮಾಡಿ ಕೂರಿಸಿ, ಹುಡುಗ ಹುಡುಗಿ ಬೆರೆತು, ಪ್ರಯೋಗಕ್ಕೆ ಅಂತ ಹೇಳಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಮಂಜಮ್ಮ ಜೋಗತಿಯವರ ಬಗ್ಗೆ ಮಕ್ಕಳಿಗೆ ಹೇಳಲೇಬೇಕು. ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ಕಲಾವಿದೆ, ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, ಪದ್ಮಶ್ರೀ ಪಡೆದವರು, ನಮ್ಮ ಬಳ್ಳಾರಿ ಸೀಮೆಯವರು. ಆದರೆ ಈಗ ಬೇಡ, ಈ ಕ್ಲಾಸಿನಲ್ಲಿ ಬೇಡ. ನೀವು ಆ ಹೆಸರು ಹೇಳಿದ ಕೂಡಲೇ ಮೂವತ್ತು ತಲೆ ಅವನ ಕಡೆ ತಿರುಗುತ್ತವೆ.

ವಿಜ್ಞಾನ ಟೀಚರ್, ಹಾಸನ ಜಿಲ್ಲೆ

ಎಲ್ಲರಿಗೂ ವಂದನೆ. ಹತ್ತು ದಿನ ಆಯಿತು, ಬರೆಯಲು ತಡವಾಯಿತು. ಕ್ಲಾಸನ್ನು ಆರಾರು ಜನರ ಗುಂಪು ಮಾಡಿದೆ. ತಂದೆಯನ್ನು ಕರೆಸಿಲ್ಲ, ಎಚ್‌ಎಂ ಒಂದು ತಿಂಗಳು ಕಾಯೋಣ ಅಂದಿದ್ದಾರೆ. ಲ್ಯಾಬ್‌ನಲ್ಲಿ ಮೊದಲ ಎರಡು ದಿನ ಬರೀ ಟೆಸ್ಟ್ ಟ್ಯೂಬ್ ತೊಳೆದೆವು. ಮೂರನೇ ದಿನ ಟಾಯ್ಲೆಟ್ಟಿನಲ್ಲಿ ಚಡ್ಡಿ ಎಳೆದದ್ದು ಹೇಳಿದ, ಮೂವರ ಹೆಸರೂ ಹೇಳಿದ. ಇದನ್ನು ಮುಚ್ಚಿಡಲು ಆಗುವುದಿಲ್ಲ ಅಂತ ಅವನಿಗೆ ಹೇಳಿಯೇ 1098ಕ್ಕೆ ಫೋನ್ ಮಾಡಿದೆ, ನಾಳೆ ಬರುತ್ತಾರೆ. ಮನೆಯಲ್ಲಿ ಯಾರಿಗೆ ಹೇಳಲಿ ಅಂತ ಕೇಳಿದ್ದಕ್ಕೆ ‘ದೊಡ್ಡಮ್ಮ’ ಅಂದ. ನಾಳೆ ಅವರೂ ಬರುತ್ತಿದ್ದಾರೆ. ಇವತ್ತು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ನಲ್ಲಿ ಹತ್ತಿರ ನಿಂತು ಎರಡು ಲೋಟ ನೀರು ಕುಡಿದ.