ಮಾಂಟಿ ಪೈಥಾನ್ ಪೂರ್ತಿ ಡಿವಿಡಿ ಸೆಟ್ ಸಿಕ್ಕಿದೆ, ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಟಿಳಕವಾಡಿ, ಬೆಳಗಾವಿ (ಕೇಳಿದವರು):

ನಮಸ್ಕಾರ. ಇಲ್ಲಿ ಕ್ಯಾಂಪ್ ಕಡೆ ಒಬ್ಬ ಹಿರಿಯರು ಮನೆ ಖಾಲಿ ಮಾಡುತ್ತಿದ್ದಾರೆ. ಪುಸ್ತಕ, ಪಿಂಗಾಣಿ ಸಾಮಾನಿನ ಜೊತೆ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಅನ್ನುವ ಬಿಬಿಸಿಯ ಹಳೇ ಹಾಸ್ಯ ಕಾರ್ಯಕ್ರಮದ ಪೂರ್ತಿ ಡಿವಿಡಿ ಸೆಟ್ಟನ್ನೂ ಮಾರಾಟಕ್ಕೆ ಇಟ್ಟಿದ್ದಾರೆ. ಲಂಡನ್ನಿನಿಂದ ಮಗ ತಂದದ್ದಂತೆ. ಎರಡು ಸಾವಿರ ಹೇಳಿದ್ದಾರೆ. ನಾನು ಮೊಬೈಲಿನಲ್ಲಿ ಸತ್ತ ಗಿಳಿಯ ತುಣುಕು (ಸತ್ತ ಗಿಳಿ ಮಾರಿದ ಅಂಗಡಿಯವನು ಅದು ಸತ್ತೇ ಇಲ್ಲ ಅಂತ ವಾದಿಸೋದು) ಒಂದನ್ನೇ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನು, ಅಷ್ಟೇ ನನ್ನ ಪರಿಚಯ. ಇದು ನಮ್ಮಲ್ಲಿ ಓಡುತ್ತದಾ? ನಿಜಕ್ಕೂ ಪೂರ್ತಿ ಇದೆಯಾ ಅಂತ ಹೇಗೆ ನೋಡೋದು? ಮನೆಯವರ ಜೊತೆ ಕೂತು ನೋಡಬಹುದಾ? ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಶಹಾಪುರ, ಬೆಳಗಾವಿ:

ತಗೊಳ್ಳಿ. ಆದರೆ ದುಡ್ಡು ಕೊಡುವ ಮೊದಲು ಅವರ ಮನೆಯಲ್ಲೇ ಕೂತು ಎಣಿಸಿ. ಡಿಸ್ಕ್ ಅಲ್ಲ, ಎಪಿಸೋಡ್. ಒಟ್ಟು 45 ಇರಬೇಕು. ಮೊದಲ ಮೂರು ಸರಣಿಯಲ್ಲಿ ತಲಾ 13, ನಾಲ್ಕನೆಯದರಲ್ಲಿ ಬರೀ 6. ಅಮೆರಿಕದ ಹಳೇ ಸೆಟ್ಟಿನಲ್ಲಿ 14 ಡಿಸ್ಕ್ ಇದ್ದವು, ಇಂಗ್ಲೆಂಡಿನವುಗಳಲ್ಲಿ ಅದಕ್ಕಿಂತ ಕಡಿಮೆ. ಹಾಗಾಗಿ ಡಿಸ್ಕಿನ ಲೆಕ್ಕ ನಂಬಿದರೆ ಕೆಟ್ಟಿರಿ.

ನಾನು ಕೆಟ್ಟದ್ದು ಹಾಗೇ. ಸೆಕೆಂಡ್ ಹ್ಯಾಂಡ್ ಸೆಟ್ ಒಂದನ್ನು ಪೋಸ್ಟಿನಲ್ಲಿ ತರಿಸಿದ್ದೆ. ಡಬ್ಬಿಯ ಮೇಲೆ ‘ಕಂಪ್ಲೀಟ್’ ಅಂತ ದೊಡ್ಡ ಅಕ್ಷರ. ಒಂದು ತಿಂಗಳು ಖುಷಿಯಿಂದ ನೋಡಿದೆ. ನಾಲ್ಕನೇ ಸರಣಿಯ ಜಾಗದಲ್ಲಿದ್ದ ಡಿಸ್ಕ್ ತೆಗೆದರೆ ಅದು ಎರಡನೇ ಸರಣಿಯದೇ ಇನ್ನೊಂದು ಪ್ರತಿ. ಮಾರಿದವನಿಗೆ ಫೋನ್ ಮಾಡಿದೆ. ‘ಸಾರ್, ಡಿಸ್ಕ್ ಎಷ್ಟು ಹೇಳಿದ್ದೆ? ಅಷ್ಟೂ ಬಂದಾವಲ್ಲ?’ ಅಂದ. ಬಂದಾವೆ, ಆದರೆ ಒಂದು ಎರಡು ಸಲ ಬಂದಿದೆ ಅಂದೆ. ‘ಹಂಗಾದ್ರ ನಿಮಗ ಒಂದು ಜಾಸ್ತಿನೇ ಸಿಕ್ಕೈತಿ’ ಅಂದ! ಸತ್ತ ಗಿಳಿಯ ಅಂಗಡಿಯವನೂ ಇದಕ್ಕಿಂತ ಚೆನ್ನಾಗಿ ವಾದ ಮಾಡಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬಂತು, ಫೋನ್ ಇಟ್ಟೆ.

ನಾಲ್ಕನೇ ಸರಣಿ ಬೇಕಾ ಅಂತ ಕೇಳುವವರೂ ಇದ್ದಾರೆ. ಆರು ಜನರ ತಂಡ ಅದು: ಗ್ರಹಾಂ ಚಾಪ್‌ಮನ್, ಜಾನ್ ಕ್ಲೀಸ್, ಟೆರ್ರಿ ಗಿಲಿಯಂ, ಎರಿಕ್ ಐಡಲ್, ಟೆರ್ರಿ ಜೋನ್ಸ್, ಮೈಕೆಲ್ ಪೇಲಿನ್. ನಾಲ್ಕಕ್ಕೆ ಬರುವಾಗ ಕ್ಲೀಸ್ ಹೊರಗೆ ಹೋಗಿದ್ದರು. ಹೆಸರಿನಲ್ಲಿದ್ದ ಸರ್ಕಸ್ಸೂ ಹೋಗಿ ಬರೀ ‘ಮಾಂಟಿ ಪೈಥಾನ್’ ಅಂತ ಉಳಿಯಿತು. ಸೊರಗಿದೆ, ನಿಜ. ಆದರೆ ಕೊನೆಯ ಆರು ಇಲ್ಲದ ಸೆಟ್ ಅಂದರೆ ಮಂಗಳಾರತಿಗೆ ಮೊದಲೇ ಎದ್ದು ಹೋದಂತೆ. ನಾನು ಆಮೇಲೆ ಅದನ್ನು ಬೇರೆ ಕಡೆಯಿಂದ ಬಿಡಿಯಾಗಿ ತರಿಸಿದೆ. ಜರ್ಮನ್ ಟೀವಿಗಾಗಿ 1971, 72ರಲ್ಲಿ ಮಾಡಿದ ಎರಡು ಎಪಿಸೋಡ್ ಬೇರೆ ಇವೆ. ಅವು ಈ 45ರಲ್ಲಿ ಸೇರಿಲ್ಲ. ಅವಿಲ್ಲ ಅಂತ ಹಿರಿಯರ ಜೊತೆ ಚೌಕಾಸಿಗೆ ಇಳಿಯಬೇಡಿ.

ಇನ್ನೊಂದು ಮುಖ್ಯ ಮಾತು. ಚೆಕ್ ಮಾಡುವಾಗ ಈ ಸೆಟ್ ನಿಮ್ಮನ್ನು ಬೇಕಂತಲೇ ದಾರಿ ತಪ್ಪಿಸುತ್ತದೆ. ಎರಡನೇ ಸರಣಿಯಲ್ಲಿ ಒಂದು ಎಪಿಸೋಡ್ ಹಾಕಿದೆ, ಯಾವುದೋ ಕಡಲ ಸಾಹಸದ ಸಿನಿಮಾ ಶುರುವಾಯಿತು. ಟೈಟಲ್ ಬಂತು, ಸಮುದ್ರ ಬಂತು, ದೋಣಿ ಬಂತು. ಒಮ್ಮೆ ಮೋಸ ಹೋದವನು ನಾನು, ಮತ್ತೆ ಬೇರೆ ಡಿಸ್ಕ್ ಹಾಕಿ ಕೊಟ್ಟಿದ್ದಾನೆ ಅಂತ ತೆಗೆದು ಎತ್ತಿಟ್ಟೆ. ಎರಡು ವಾರ ಆದಮೇಲೆ ಗೊತ್ತಾಯಿತು, ಆ ಸಿನಿಮಾನೇ ಜೋಕು. ಸ್ವಲ್ಪ ತಾಳಿದ್ದರೆ ಕಡಲ ದಂಡೆಯಲ್ಲಿ ಕ್ಲೀಸ್ ಮೇಜು ಹಾಕಿಕೊಂಡು ಕೂತಿರುತ್ತಿದ್ದರು. ಕೆಲವು ಕಡೆ ಟೈಟಲ್ ಎಲ್ಲೋ ನಡುವೆ ಬರುತ್ತದೆ. ಆಫ್ ಮಾಡಲು ಅವಸರ ಬೇಡ.

ಚಿತ್ರವೂ ಹಾಗೇ. ಕೋಣೆಯೊಳಗಿನ ದೃಶ್ಯ ವಿಡಿಯೊ ಟೇಪಿನಲ್ಲಿ, ಬಯಲಿನದು ಫಿಲ್ಮಿನಲ್ಲಿ ತೆಗೆದದ್ದು. ಆಗ ಬಿಬಿಸಿಯ ಪದ್ಧತಿಯೇ ಅದು. ಹಾಗಾಗಿ ಪಾತ್ರ ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಬಣ್ಣ ಮಂಕಾಗಿ ಕಾಳುಕಾಳಾಗಿ ಕಾಣುತ್ತದೆ. ಡಿಸ್ಕ್ ಕೆಟ್ಟಿಲ್ಲ. ಅವರೇ ಇದನ್ನೂ ತಮಾಷೆ ಮಾಡಿದ್ದಾರೆ. ಕೋಣೆಯಲ್ಲಿರುವವರು ಒಂದೊಂದೇ ಬಾಗಿಲಿನಿಂದ ಹೊರಗೆ ಇಣುಕುತ್ತಾರೆ, ಗಾಬರಿಯಿಂದ ಒಳಗೆ ಓಡಿ ಬರುತ್ತಾರೆ, ಸುತ್ತಲೂ ಫಿಲ್ಮ್ ಮುತ್ತಿಗೆ ಹಾಕಿದೆ ಅಂತಾರೆ.

ಇಷ್ಟಕ್ಕೂ ಡಿಸ್ಕ್ ಯಾಕೆ, ಆನ್‌ಲೈನ್ ಇದೆಯಲ್ಲ ಅಂದರೆ, ಅಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಹಿಂದೆಯೂ ಹಾಗೇ. ಈ ಕಾರ್ಯಕ್ರಮ ಬಂದ ಕಾಲದಲ್ಲಿ ಟೇಪ್ ದುಬಾರಿ. ಬಿಬಿಸಿಯವರು ಹಳೇ ಕಾರ್ಯಕ್ರಮ ಅಳಿಸಿ ಅದರ ಮೇಲೆಯೇ ಹೊಸದನ್ನು ಹಾಕುತ್ತಿದ್ದರು. ಪೀಟರ್ ಕುಕ್, ಡಡ್ಲಿ ಮೂರ್ ಹಾಸ್ಯ ಜೋಡಿಯ ‘ನಾಟ್ ಓನ್ಲಿ ಬಟ್ ಆಲ್ಸೊ’ ಕಾರ್ಯಕ್ರಮದ ಎಷ್ಟೋ ಎಪಿಸೋಡ್ ಹಾಗೇ ಹೋದವು. ಇವರದು 45ಕ್ಕೆ 45 ಉಳಿದಿದೆ. ಉಳಿದದ್ದು ಕೈಗೆ ಸಿಗುವಾಗ ಬಿಡಬಾರದು ಅಂತ ನನ್ನ ಹಟ, ಅಷ್ಟೇ.

ವಿಜಯಪುರ:

ಓಡುತ್ತದಾ ಅನ್ನೋದಕ್ಕೆ ನಾನು ಹೇಳುತ್ತೇನೆ. ಡಬ್ಬಿಯ ಹಿಂದೆ ಪುಟ್ಟ ಭೂಗೋಳದ ಗುರುತಿನೊಳಗೆ ಒಂದು ಅಂಕಿ ಇರುತ್ತದೆ. ಇಂಗ್ಲೆಂಡಿನ ಡಿವಿಡಿಗೆ 2, ಅಮೆರಿಕದ್ದಕ್ಕೆ 1, ನಮ್ಮ ದೇಶಕ್ಕೆ 5. ನಿಯಮದ ಪ್ರಕಾರ 5ರ ಪ್ಲೇಯರಿನಲ್ಲಿ 2 ಓಡಬಾರದು. ಆದರೆ ನಮ್ಮಲ್ಲಿ ಮಾರಿದ ಅಗ್ಗದ ಪ್ಲೇಯರುಗಳಲ್ಲಿ ಬಹಳಷ್ಟು ಈ ನಿಯಮ ಓದಿಲ್ಲ! ಓದಿದವನ್ನೂ ಕೆಲವು ಸಲ ರಿಮೋಟಿನಲ್ಲಿ ಎರಡು ಮೂರು ಗುಂಡಿ ಒತ್ತಿ ಬಿಡಿಸಬಹುದು. ನಮ್ಮ ಮನೆಯ ಹಳೇ ಪ್ಲೇಯರಿಗೆ ಎಲ್ಲ ಊರಿನ ಡಿಸ್ಕೂ ಒಂದೇ. ಬ್ಲೂ-ರೇ ಆದರೆ ಹುಷಾರು. ಅದಕ್ಕೆ ಇಂಗ್ಲೆಂಡ್ ‘ಬಿ’, ನಾವು ‘ಸಿ’, ಅಲ್ಲಿ ಬಿಗಿ ಜಾಸ್ತಿ. ನಿಮ್ಮದು ಡಿವಿಡಿ, ಬಚಾವ್.

ಲಂಡನ್ನಿನ ಸೆಟ್ ಆಗಿದ್ದರೆ ಇನ್ನೊಂದು ಲಾಭ. ಅದು ಪಾಲ್ ಅನ್ನುವ ಟೀವಿ ಚಿತ್ರದ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ನಮ್ಮ ಟೀವಿಯದೂ ಅದೇ. ಟೀವಿಯಲ್ಲಿ ಚಿತ್ರ ಚೌಕಾಕಾರವಾಗಿ ಬರುತ್ತದೆ, ಎರಡೂ ಬದಿಗೆ ಕಪ್ಪು ಪಟ್ಟಿ. ಬಿಡಿ, ಹಾಗೇ ಇರಲಿ. ನನ್ನ ತಮ್ಮ ಅಗಲ ಮಾಡಿ ನೋಡಿದ. ಆರಡಿ ಮೀರಿದ ಕ್ಲೀಸ್ ಹುಚ್ಚು ನಡಿಗೆ ನಡೆದರೆ ಕಾಲು ಉದ್ದ ಕಾಣಬೇಕು ಅಲ್ವಾ? ಕುಳ್ಳ ಪೈಲವಾನನ ಹಾಗೆ ಕಂಡರು.

ಮತ್ತೆ ಬಿಸಿಲು. ಮೇ ತಿಂಗಳಲ್ಲಿ ಗೋಳಗುಮ್ಮಟ ತೋರಿಸಲು ನೆಂಟರನ್ನು ಕರೆದುಕೊಂಡು ಹೋದಾಗ ಮೂರು ಡಿಸ್ಕ್ ಕಾರಿನ ಹಿಂದಿನ ಗಾಜಿನ ಹತ್ತಿರ ಬಿಟ್ಟಿದ್ದೆ. ನಮ್ಮ ಊರಿನ ಮೇ ಅಂದರೆ ಗೊತ್ತಲ್ಲ, ನೆರಳಲ್ಲೇ 40 ದಾಟುತ್ತದೆ. ವಾಪಸ್ ಬರುವಾಗ ಒಂದು ಡಿಸ್ಕ್ ಸಂಡಿಗೆಯ ಹಾಗೆ ಬಾಗಿತ್ತು. ಡಿವಿಡಿ ಅಂದರೆ ಎರಡು ತೆಳು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ ಮಾಡಿದ್ದು. ಶಾಖಕ್ಕೆ ಅಂಟೂ ಹೋಗುತ್ತದೆ, ಆಕಾರವೂ ಹೋಗುತ್ತದೆ. ಬೆಳಗಾವಿಯವರಿಗೆ ಈ ಭಯ ಕಡಿಮೆ. ನಿಮ್ಮ ಶತ್ರು ಮಳೆ. ಜೂನ್ ಬಂದರೆ ಕಪಾಟಿನ ಬಟ್ಟೆಗೇ ಬೂಸ್ಟು ಬರುವ ಊರು ನಿಮ್ಮದು. ಹೊರಗೋಡೆಗೆ ಒರಗಿದ ಕಪಾಟಿನಲ್ಲಿ ಇಡಬೇಡಿ, ಡಬ್ಬಿ ನಿಲ್ಲಿಸಿ ಇಡಿ. ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಪೊಟ್ಟಣ ಎರಡು ಒಳಗೆ ಹಾಕಿ. ಒರೆಸುವುದಾದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ, ನೇರವಾಗಿ. ತಟ್ಟೆ ಒರೆಸಿದ ಹಾಗೆ ಸುತ್ತು ಹಾಕಿದರೆ ಗೀರು ಡೇಟಾದ ಸಾಲಿನ ಉದ್ದಕ್ಕೂ ಬೀಳುತ್ತದೆ, ಪ್ಲೇಯರಿಗೆ ಅದನ್ನು ದಾಟಲು ಆಗುವುದಿಲ್ಲ.

ಬೆಳಗಾವಿ, ಹಾಸ್ಟೆಲ್‌ನಿಂದ:

ವಿಟಿಯು ವಿದ್ಯಾರ್ಥಿ ನಾನು. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ತಗೊಳ್ಳಿ, ವಿಎಲ್‌ಸಿ ಅನ್ನುವ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ಹಾಕಿ. ಡ್ರೈವಿನ ರೀಜನ್ (ಮೇಲೆ ಹೇಳಿದ ಆ ಅಂಕಿ) ಬದಲಿಸು ಅಂತ ಕಂಪ್ಯೂಟರ್ ಕೇಳಿದರೆ ಸುಮ್ನೆ ಒತ್ತುತ್ತಾ ಹೋಗಬೇಡಿ. ಐದು ಸಲ ಮಾತ್ರ ಬಿಡುತ್ತದೆ, ಐದನೆಯದಕ್ಕೆ ಬೀಗ. ವಿಎಲ್‌ಸಿಯಲ್ಲಿ ಹೆಚ್ಚಾಗಿ ಬದಲಿಸುವ ಗೋಜೇ ಬರಲ್ಲ.

ಒಂದು ವಿಷಯ ಗೊತ್ತಾ? ನಾವು ಪರೀಕ್ಷೆಗೆ ಒದ್ದಾಡುವ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಗೆ ಹೆಸರು ಬಂದದ್ದು ಹಾವಿನಿಂದ ಅಲ್ಲ, ಇದೇ ಕಾರ್ಯಕ್ರಮದಿಂದ. ಆ ಭಾಷೆ ಮಾಡಿದ ಗಿಡೊ ವಾನ್ ರೊಸಮ್ ಅದನ್ನು 1991ರಲ್ಲಿ ಹೊರಗೆ ಬಿಟ್ಟರು. ಪೈಥಾನ್ ಕಲಿಸುವ ಉದಾಹರಣೆಗಳಲ್ಲಿ ಸ್ಪ್ಯಾಮ್, ಎಗ್ಸ್ ಅಂತ ಹೆಸರು ಬರುತ್ತಲ್ಲ, ಯಾಕೆ ಅಂತ ಎರಡು ವರ್ಷ ಗೊತ್ತಿರಲಿಲ್ಲ. ಅದು ಇದೇ ಕಾರ್ಯಕ್ರಮದ 1970ರ ಒಂದು ಸ್ಕೆಚ್, ಅಂದರೆ ಪುಟ್ಟ ಪ್ರಹಸನ. ಖಾನಾವಳಿಯಲ್ಲಿ ಏನು ಕೇಳಿದರೂ ಅದರಲ್ಲಿ ಸ್ಪ್ಯಾಮ್, ಅಂದರೆ ಡಬ್ಬಿಯ ಹಂದಿಮಾಂಸ. ಮೊಟ್ಟೆ ಸ್ಪ್ಯಾಮ್, ಮೊಟ್ಟೆ ಸಾಸೇಜ್ ಸ್ಪ್ಯಾಮ್, ಸ್ಪ್ಯಾಮ್ ಸ್ಪ್ಯಾಮ್ ಸ್ಪ್ಯಾಮ್. ಪಕ್ಕದ ಮೇಜಿನಲ್ಲಿ ವೈಕಿಂಗ್‌ಗಳು ಅದನ್ನೇ ಹಾಡುತ್ತಾರೆ. ಮೇಲ್‌ನಲ್ಲಿ ಬರುವ ಕಸಕ್ಕೆ ಸ್ಪ್ಯಾಮ್ ಅನ್ನೋದು ಇಲ್ಲಿಂದಲೇ. ಹಾಸ್ಟೆಲ್ ಮೆಸ್ಸಿನಲ್ಲಿ ವಾರಕ್ಕೆ ಐದು ದಿನ ಅದೇ ಸಾರು ತಿಂದವರಿಗೆ ಇದು ಹಾಸ್ಯವಲ್ಲ, ಸುದ್ದಿ.

ಸಬ್‌ಟೈಟಲ್ ಇದೆಯಾ ಅಂತ ಡಬ್ಬಿಯ ಹಿಂದೆ ನೋಡಿ. ಇಲ್ಲದಿದ್ದರೆ ಅರ್ಧ ಮಾತು ಹೋಯಿತು. ಕೀರಲು ಧ್ವನಿಯಲ್ಲಿ ಓಡಿಸಿಕೊಂಡು ಮಾತಾಡುತ್ತಾರೆ.

ನವನಗರ, ಬಾಗಲಕೋಟೆ:

ಎಲ್ಲರೂ ತಗೊಳ್ಳಿ ಅನ್ನುತ್ತಿದ್ದಾರೆ, ಅದಕ್ಕೆ ನಾನು ಬೇರೆ ಹೇಳುತ್ತೇನೆ. ನಾನು ನನ್ನ ಸೆಟ್ ಮಾರಿದೆ. ಅರ್ಧದಷ್ಟು ಚಿನ್ನ, ಉಳಿದರ್ಧ ಆಗಿನ ಇಂಗ್ಲೆಂಡಿನ ಮಂತ್ರಿಗಳು, ಟೀವಿ ನಿರೂಪಕರನ್ನು ಅಣಕಿಸೋದು. ಆ ಮನುಷ್ಯ ಯಾರು ಅಂತ ಗೊತ್ತಿಲ್ಲದೆ ಅವನ ಅಣಕಕ್ಕೆ ಹೇಗೆ ನಗೋದು? ಕರಿಯರು, ಚೀನಿಯರ ಮೇಲಿನ ಕೆಲವು ಜೋಕುಗಳಂತೂ ಈಗ ಮುಜುಗರ ತರುತ್ತವೆ. ಸ್ಕೆಚ್ಚಿಗೆ ಕೊನೆಯ ಪಂಚ್ ಇರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವಾಗ ಮಿಲಿಟರಿ ಕರ್ನಲ್ ಬಂದು ಇದು ತೀರಾ ಹುಚ್ಚಾಟ, ಸಾಕು ನಿಲ್ಲಿಸಿ ಅನ್ನುತ್ತಾನೆ. ಇಲ್ಲವೇ ಗಿಲಿಯಂನ ಕಾರ್ಟೂನ್ ಪಾದ ಬಂದು ಎಲ್ಲವನ್ನೂ ತುಳಿಯುತ್ತದೆ. ನನಗೆ ಅದು ಒಗ್ಗಲಿಲ್ಲ.

ಒಗ್ಗಿದ್ದು ನಮ್ಮ ಅಜ್ಜಿಗೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಮನೆ ಬಿಟ್ಟು ಇಲ್ಲಿಗೆ ಬಂದ ಮೇಲೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ಆ ಆರು ಜನ ಗಂಡಸರು ಲಂಗ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಹೆಂಗಸರಾಗಿ ಬಂದರೆ ಸಾಕು, ಕುರ್ಚಿ ಮುಂದೆ ಎಳೆದುಕೊಂಡು ಕೂರುತ್ತಿದ್ದಳು. ಹುಡುಗಿಯಿದ್ದಾಗ ನಾಟಕದ ಏಣಗಿ ಬಾಳಪ್ಪನವರ ಹೆಣ್ಣು ಪಾತ್ರ ನೋಡಿದ್ದವಳು ಅವಳು. ‘ಇವಕ್ಕ ಸೀರಿ ಉಡಾಕ ಬರಂಗಿಲ್ಲ, ದನಿನೂ ಇಲ್ಲ, ಆದ್ರ ಧೈರ್ಯ ಐತಿ ನೋಡು’ ಅಂತಿದ್ದಳು. ಒಮ್ಮೆ ನಿಜವಾದ ಹೆಂಗಸು ಕರೋಲ್ ಕ್ಲೀವ್‌ಲ್ಯಾಂಡ್ ಬಂದರೆ, ‘ಇವನು ಮಾತ್ರ ಛಲೋ ಮಾಡ್ಯಾನ’ ಅಂದಳು. ಅಜ್ಜಿ ಹೋದ ಮೇಲೆ ಮಾರಿದೆ. ಅದಕ್ಕೆ ಬೇಸರ ಇಲ್ಲ ಅಂತ ಬರೆಯಲು ಕೂತಿದ್ದೆ, ಈಗ ಯಾಕೋ ಸ್ವಲ್ಪ ಇದೆ.

ಹ್ಞಾಂ, ಮನೆಯವರ ಜೊತೆ ನೋಡುವವರು ನೆನಪಿಡಿ. ಬೆತ್ತಲೆ ಚಿತ್ರ, ಬಟ್ಟೆ ಇಲ್ಲದ ಆರ್ಗನ್ ವಾದಕ ಎಲ್ಲ ಇದ್ದಕ್ಕಿದ್ದಂತೆ ಬರುತ್ತವೆ. ರಿಮೋಟ್ ಕೈಯಲ್ಲೇ ಇರಲಿ.

ಟಿಳಕವಾಡಿ, ಬೆಳಗಾವಿ (ಕೇಳಿದವರು):

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ಗೆಳೆಯನ ಡ್ರೈವ್ ಇಸ್ಕೊಂಡು, ಕುಂದಾ ಡಬ್ಬಿ ಹಿಡಿದು ಹೋದೆ. ನೀವು ಹೇಳಿದ ಹಾಗೆ ಅವರ ಊಟದ ಮೇಜಿನ ಮೇಲೇ ಎಣಿಸಿದೆ. 13, 13, 13, 6, ಸರಿಯಾಗಿತ್ತು. ಮೂರನೇ ಸರಣಿಯ ಒಂದು ಡಿಸ್ಕ್ ಮಾತ್ರ ಒಂದೆಡೆ ತಡವರಿಸಿತು. ನಡುವಿನಿಂದ ಅಂಚಿಗೆ ಒರೆಸಿದೆ, ಮುಂದೆ ಹೋಯಿತು. ಎಣಿಸಲು ಹತ್ತು ನಿಮಿಷ ಸಾಕಿತ್ತು. ಎರಡೂವರೆ ತಾಸು ಹಿಡಿಯಿತು, ಯಾಕೆಂದರೆ ಪ್ರತಿ ಡಿಸ್ಕ್ ಹಾಕಿದಾಗಲೂ ಹಿರಿಯರು ‘ಇದೊಂದು ನೋಡಿಬಿಡಿ’ ಅನ್ನುತ್ತಿದ್ದರು. ಕೊನೆಗೆ ಸಾವಿರದ ಐನೂರಕ್ಕೆ ಕೊಟ್ಟರು. ಎಂದಾದರೂ ನೋಡಬೇಕು ಅನಿಸಿದರೆ ನಿಮ್ಮ ಮನೆಗೇ ಬರುತ್ತೇನೆ ಅನ್ನುವ ಕರಾರು ಬೇರೆ.

ಇವತ್ತು ಅಪ್ಪನ ಜೊತೆ ಕೂತು ಮೊದಲನೆಯದು ಹಾಕಿದೆ. ಅಪ್ಪ ಮರಾಠಿ ಹಾಸ್ಯ ಲೇಖಕ ಪು.ಲ. ದೇಶಪಾಂಡೆ ಕ್ಯಾಸೆಟ್ ಕೇಳಿ ಬೆಳೆದವರು, ಪು.ಲ. ನಮ್ಮ ಆರ್‌ಪಿಡಿ ಕಾಲೇಜಿನಲ್ಲಿ ಕಲಿಸಿದವರು ಅನ್ನೋದನ್ನು ವರ್ಷಕ್ಕೆ ನಾಲ್ಕು ಸಲ ಹೇಳುವವರು. ಮೊದಲ ಹದಿನೈದು ನಿಮಿಷ ಮುಖ ಗಂಟು ಹಾಕಿಕೊಂಡಿದ್ದರು. ಆಮೇಲೆ ಜಗತ್ತಿನ ಅತಿ ನಗೆಯ ಜೋಕು ಓದಿದವರೆಲ್ಲ ನಕ್ಕು ನಕ್ಕು ಸಾಯುವ ಸ್ಕೆಚ್ ಬಂತು. ಅದನ್ನು ಸೈನ್ಯದವರು ಯುದ್ಧಕ್ಕೆ ಬಳಸುತ್ತಾರಲ್ಲ, ಅಲ್ಲಿ ಅಪ್ಪನ ಹೊಟ್ಟೆ ಅಲುಗಿತು. ಇನ್ನೊಂದು ಹಾಕು ಅಂದರು. ಹೀಗೆ ಮೂರಾಯಿತು.

ನನಗೆ ಬೇಕಿದ್ದ ಸತ್ತ ಗಿಳಿ ಎಂಟನೆಯದರಲ್ಲಿದೆ. ಆ ಎಪಿಸೋಡಿನ ಹೆಸರು ಈಗ ತಾನೇ ಡಬ್ಬಿಯ ಹಿಂದೆ ಓದಿದೆ: ‘ಫುಲ್ ಫ್ರಂಟಲ್ ನ್ಯೂಡಿಟಿ’. ಅದನ್ನು ಅಪ್ಪ ಮಲಗಿದ ಮೇಲೆ ಹಾಕುತ್ತೇನೆ.